ತಾರತಮ್ಯದ ದೂರು ತಿರಸ್ಕೃತವಾದ ಮೇಲೆ: ವಿಕಲಚೇತನ ನೌಕರರ ಮೇಲ್ಮನವಿಯ ಹಾದಿ

(ಜಿಲ್ಲಾ ಪಂಚಾಯತಿಯ ಅಧಿಕಾರಿಗಳು ಹಾಗೂ ನೌಕರರಿಗಾಗಿ ಏರ್ಪಡಿಸಿದ್ದ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸರ್ಕಾರಿ ಕಚೇರಿಯಲ್ಲಿ ತಾರತಮ್ಯವು ಹಲವು ಬಾರಿ "ಆಡಳಿತಾತ್ಮಕ ಕಾರಣಗಳಿಂದ" ಎಂಬ ಎರಡು ಪದಗಳ ಮರೆಯಲ್ಲಿ ನಡೆದುಹೋಗುತ್ತದೆ. ಒಂದು ಕಲ್ಪಿತ ಪ್ರಕರಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸೇವೆಯಲ್ಲಿರುವಾಗ ಅಪಘಾತದಲ್ಲಿ ಒಂದು ಕಾಲನ್ನು ಕಳೆದುಕೊಂಡ ದ್ವಿತೀಯ ದರ್ಜೆ ಸಹಾಯಕರೊಬ್ಬರನ್ನು ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯ ಶಾಖೆಗೆ ನಿಯೋಜಿಸಲಾಗುತ್ತದೆ. ನೆಲಮಹಡಿಯ ಶಾಖೆಯೊಂದರಲ್ಲಿ ಕೆಲಸ ಕೊಡಬೇಕೆಂದು ಅವರು ಮನವಿ ಸಲ್ಲಿಸುತ್ತಾರೆ. "ಸದರಿ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ" ಎಂಬ ಒಂದೇ ಸಾಲಿನ ಹಿಂಬರಹ ಬರುತ್ತದೆ. ನೌಕರರು ಅದನ್ನು ಮಡಚಿಟ್ಟು, ಮರುದಿನದಿಂದ ಮೌನವಾಗಿ ಮೆಟ್ಟಿಲು ಹತ್ತತೊಡಗುತ್ತಾರೆ. ಅವರ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ಕಾನೂನಿನ ಪಾಲಿಗೆ ಅದು ಆಗಷ್ಟೇ ಆರಂಭವಾಗಿರುತ್ತದೆ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. ನೌಕರಿಗೆ ಸಂಬಂಧಿಸಿದ ಯಾವ ವಿಷಯದಲ್ಲೂ ಸರ್ಕಾರಿ ಸಂಸ್ಥೆಯು ವಿಕಲಚೇತನರ ವಿರುದ್ಧ ತಾರತಮ್ಯ ಮಾಡತಕ್ಕದ್ದಲ್ಲ ಎಂದು ಅದರ 20ನೇ ಪ್ರಕರಣವು ವಿಧಿಸುತ್ತದೆ. ವೈಕಲ್ಯವೊಂದನ್ನೇ ಕಾರಣವಾಗಿಟ್ಟು ಬಡ್ತಿ ನಿರಾಕರಿಸುವಂತಿಲ್ಲ. ಸೇವಾವಧಿಯಲ್ಲಿ ವೈಕಲ್ಯಕ್ಕೆ ಒಳಗಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನು ಇಳಿಸುವಂತಿಲ್ಲ. ಹಿಂದಿನ ಹುದ್ದೆಗೆ ಅವರು ಸೂಕ್ತರಲ್ಲವೆಂದು ಕಂಡುಬಂದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ನೀಡಬೇಕು. ಅದೂ ಸಾಧ್ಯವಾಗದಿದ್ದರೆ ಸೂಕ್ತ ಹುದ್ದೆ ದೊರೆಯುವವರೆಗೆ ಅಥವಾ ವಯೋನಿವೃತ್ತಿಯವರೆಗೆ ಸಂಖ್ಯಾಧಿಕ ಹುದ್ದೆಯಲ್ಲಿ ಮುಂದುವರಿಸಬೇಕು. ಕೆಲಸದ ಸ್ವರೂಪವನ್ನು ಗಮನಿಸಿ ಯಾವುದಾದರೂ ಸಂಸ್ಥೆಗೆ ಸರ್ಕಾರವು ಅಧಿಸೂಚನೆಯ ಮೂಲಕ ವಿನಾಯಿತಿ ನೀಡಬಹುದು. ಅಂತಹ ವಿನಾಯಿತಿಯನ್ನು ಕಚೇರಿಯ ಮುಖ್ಯಸ್ಥರು ತಾವಾಗಿಯೇ ಕಲ್ಪಿಸಿಕೊಳ್ಳುವಂತಿಲ್ಲ.

ಮೇಲ್ಮನವಿಗೆ ಬಲ ನೀಡುವ ಅಂಶವು ಇದೇ ಅಧಿನಿಯಮದ 2ನೇ ಪ್ರಕರಣದ ವ್ಯಾಖ್ಯೆಗಳಲ್ಲಿದೆ. ಅದರಂತೆ, ವಿಕಲಚೇತನರಿಗೆ ಅಗತ್ಯವಾದ ಸಮಂಜಸ ಸೌಕರ್ಯವನ್ನು ನಿರಾಕರಿಸುವುದೂ ತಾರತಮ್ಯವೇ ಆಗಿದೆ. ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಹೊರಿಸದೆ ಮಾಡಬಹುದಾದ ಸೂಕ್ತ ಮಾರ್ಪಾಡೇ ಸಮಂಜಸ ಸೌಕರ್ಯ. ಈ ಹೊಣೆಯ ವ್ಯಾಪ್ತಿಯನ್ನು ಸರ್ವೋಚ್ಚ ನ್ಯಾಯಾಲಯವು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ವಿವರವಾಗಿ ನಿರೂಪಿಸಿದೆ. ಆದುದರಿಂದ ಮೇಲಿನ ಉದಾಹರಣೆಯ ನೌಕರರು ಯಾರಿಗೂ ದುರುದ್ದೇಶವಿತ್ತೆಂದು ಸಾಬೀತುಪಡಿಸಬೇಕಾಗಿಲ್ಲ. ತಮಗೆ ಬೇಕಾದ ಸೌಕರ್ಯ ಯಾವುದು, ಅದನ್ನು ಯಾವ ದಿನ ಕೋರಲಾಯಿತು, ಯಾವ ಉತ್ತರ ಬಂತು ಎಂಬುದನ್ನು ದಾಖಲೆಯ ಮೂಲಕ ತೋರಿಸಿದರೆ, ಹೊರೆ ಏನಿತ್ತೆಂದು ವಿವರಿಸಬೇಕಾದ ಸರದಿ ಕಚೇರಿಯದಾಗುತ್ತದೆ.

ಇನ್ನು ಹಾದಿಯ ವಿಚಾರ. 23ನೇ ಪ್ರಕರಣದ ಪ್ರಕಾರ ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾಧಿಕಾರಿಯನ್ನು ನೇಮಿಸಬೇಕು. ಅವರು ದೂರುಗಳ ವಹಿಯನ್ನು ನಿರ್ವಹಿಸಬೇಕು. ದೂರು ನೋಂದಣಿಯಾದ ಎರಡು ವಾರಗಳೊಳಗೆ ವಿಚಾರಣೆ ನಡೆಸಬೇಕು. ಅವರ ಕ್ರಮದಿಂದ ಸಮಾಧಾನವಾಗದಿದ್ದಲ್ಲಿ ನೊಂದ ನೌಕರರು ಅಂಗವೈಕಲ್ಯ ಕುರಿತ ಜಿಲ್ಲಾ ಮಟ್ಟದ ಸಮಿತಿಯ ಮೊರೆ ಹೋಗಬಹುದು. ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸಿಕೊಳ್ಳುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ನೀಡುವುದು ಶಿಫಾರಸು. ಆದರೂ ಅದನ್ನು ಸ್ವೀಕರಿಸದ ಪ್ರಾಧಿಕಾರವು ಮೂರು ತಿಂಗಳೊಳಗೆ ಕಾರಣಗಳನ್ನು ಆಯುಕ್ತರಿಗೂ ನೊಂದ ವ್ಯಕ್ತಿಗೂ ತಿಳಿಸಲೇಬೇಕು.

ಸೇವಾ ವಿಷಯಗಳಲ್ಲಿ ರಾಜ್ಯ ಸರ್ಕಾರಿ ನೌಕರರಿಗೆ 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಬಾಗಿಲೂ ತೆರೆದಿದೆ. ಆದರೆ ಸೇವಾ ನಿಯಮಗಳಲ್ಲಿರುವ ಪರಿಹಾರಗಳನ್ನು ಮೊದಲು ಬಳಸಿಕೊಳ್ಳದೆ ಬಂದವರ ಅರ್ಜಿಯನ್ನು ಮಂಡಳಿಯು ಸಾಮಾನ್ಯವಾಗಿ ಅಂಗೀಕರಿಸುವುದಿಲ್ಲ. ಆಡಳಿತ ನ್ಯಾಯಮಂಡಳಿಗಳ ಅಧಿನಿಯಮ, 1985ರಂತೆ, ಅಂತಿಮ ಆದೇಶವಾದ ದಿನಾಂಕದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಇಲಾಖೆಗೆ ಮೇಲ್ಮನವಿ ಸಲ್ಲಿಸಿ ಆರು ತಿಂಗಳಾದರೂ ಆದೇಶ ಹೊರಬೀಳದಿದ್ದರೆ, ಆ ಆರು ತಿಂಗಳು ಮುಗಿದಂದಿನಿಂದ ಒಂದು ವರ್ಷದ ಅವಧಿ ಆರಂಭವಾಗುತ್ತದೆ. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದರೆ ಮಂಡಳಿಯು ಅದನ್ನು ಮನ್ನಿಸಬಹುದು. ಮಂಡಳಿಯ ಆದೇಶವನ್ನು ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ಮುಂದೆ ಪ್ರಶ್ನಿಸಬಹುದೆಂದು 1997ರ ಎಲ್. ಚಂದ್ರಕುಮಾರ್ ತೀರ್ಪು ಸ್ಪಷ್ಟಪಡಿಸಿದೆ.

ಈ ಹಾದಿಯಲ್ಲಿ ನೌಕರರು ಎಡವುವ ಸ್ಥಳವೊಂದಿದೆ. ಮನವಿ ತಿರಸ್ಕೃತವಾದ ಮೇಲೆ ಅದೇ ಮನವಿಯನ್ನು ಹೊಸ ದಿನಾಂಕ ಹಾಕಿ ಪುನಃ ಪುನಃ ಸಲ್ಲಿಸುತ್ತಾ, ಮೇಲಧಿಕಾರಿಗಳ ಮನಸ್ಸು ಕರಗೀತೆಂದು ಕಾಯುವುದುಂಟು. ಕಾನೂನಿನಲ್ಲಿ ಅವಕಾಶವಿಲ್ಲದ ಪುನರಾವರ್ತಿತ ಮನವಿಗಳಿಂದ ಕಾಲಮಿತಿ ಬೆಳೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು 1989ರ ಎಸ್.ಎಸ್. ರಾಥೋರ್ ಪ್ರಕರಣದಲ್ಲಿ ಹೇಳಿದೆ. ಕಾಯುತ್ತಾ ಕುಳಿತವರ ನ್ಯಾಯವಾದ ಹಕ್ಕು ಕಾಲದ ಕಾರಣದಿಂದಲೇ ಕೈತಪ್ಪಬಹುದು. ಹೀಗಾಗಿ ಮೊದಲ ದೂರನ್ನೇ ಲಿಖಿತವಾಗಿ ಟಪಾಲು ಶಾಖೆಗೆ ನೀಡಿ ಸ್ವೀಕೃತಿ ಪಡೆಯುವುದು, ಹಿಂಬರಹ ತಲುಪಿದ ದಿನಾಂಕವನ್ನು ಗುರುತು ಮಾಡಿಡುವುದು, ವೈದ್ಯಕೀಯ ಪ್ರಮಾಣಪತ್ರ ಹಾಗೂ ನಿಯೋಜನಾ ಆದೇಶದ ಪ್ರತಿಗಳನ್ನು ಜೋಪಾನವಾಗಿಡುವುದು ಅಗತ್ಯ. ಮೇಲ್ಮನವಿಯಲ್ಲಿ ನೋವಿನ ವರ್ಣನೆಗಿಂತ ದಿನಾಂಕಗಳ ಕ್ರಮವೇ ಹೆಚ್ಚು ಮಾತನಾಡುತ್ತದೆ.

ಕೆಳಹಂತದ ಸೋಲು ಕೊನೆಯ ಸೋಲಲ್ಲವೆಂಬುದಕ್ಕೆ ಕುನಾಲ್ ಸಿಂಗ್ ಪ್ರಕರಣವೇ ಸಾಕ್ಷಿ. ಸ್ಪೆಷಲ್ ಸರ್ವಿಸ್ ಬ್ಯೂರೋದ ಕಾನ್‌ಸ್ಟೇಬಲ್ ಆಗಿದ್ದ ಅವರು ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲನ್ನು ಕಳೆದುಕೊಂಡರು. 1998ರಲ್ಲಿ ಅವರನ್ನು ಅಶಕ್ತರೆಂದು ಸೇವೆಯಿಂದ ನಿವೃತ್ತಿಗೊಳಿಸಲಾಯಿತು. ಉಚ್ಚ ನ್ಯಾಯಾಲಯದಲ್ಲಿ ಅವರ ಅರ್ಜಿ ವಜಾ ಆಯಿತು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಿಂಚಣಿ ನೀಡಿದ ಮಾತ್ರಕ್ಕೆ ಸೇವೆಯಲ್ಲಿ ಮುಂದುವರಿಯುವ ರಕ್ಷಣೆ ಕಳೆದುಹೋಗದೆಂದು ಅಂದು ಜಾರಿಯಲ್ಲಿದ್ದ 1995ರ ಅಧಿನಿಯಮದ ಆಧಾರದ ಮೇಲೆ ತೀರ್ಮಾನಿಸಿ, ಮೇಲ್ಮನವಿಯನ್ನು ಪುರಸ್ಕರಿಸಿತು.

ಕೊನೆಯದಾಗಿ, ಕಚೇರಿಗಳ ಕರ್ತವ್ಯದ ಬಗ್ಗೆ ಒಂದು ಮಾತು. ಮೇಲ್ಮನವಿ ಸಲ್ಲಿಸಿದ ನೌಕರರು ಕಚೇರಿಯ ವೈರಿಗಳಲ್ಲ. ಮೇಲ್ಮನವಿಯು ಅಶಿಸ್ತೂ ಅಲ್ಲ. ದೂರನ್ನು ಒಪ್ಪದಿರುವ ಅಧಿಕಾರ ಅಧಿಕಾರಿಗೆ ಇರಬಹುದು, ಕಾರಣ ಬರೆಯದಿರುವ ಸ್ವಾತಂತ್ರ್ಯ ಇಲ್ಲ. ಯಾವ ಶಾಖೆಗಳು ನೆಲಮಹಡಿಯಲ್ಲಿವೆ, ಅಲ್ಲಿ ಅದೇ ದರ್ಜೆಯ ಹುದ್ದೆ ಇದೆಯೇ, ಅದಲುಬದಲು ಸಾಧ್ಯವೇ ಎಂದು ಕಡತದಲ್ಲಿ ಪರಿಶೀಲಿಸಿ ಬರೆದ ಸಕಾರಣ ಆದೇಶವು ನೌಕರರಿಗೂ ನ್ಯಾಯ ಒದಗಿಸುತ್ತದೆ, ಅಧಿಕಾರಿಯನ್ನೂ ಕಾಯುತ್ತದೆ. ಹಾಗೆ ಪರಿಶೀಲಿಸಿದಾಗ, ಬಹುಶಃ ಹಲವು ಪ್ರಕರಣಗಳು ಎರಡು ಮೇಜುಗಳ ಸ್ಥಳ ಬದಲಾವಣೆಯಲ್ಲಿಯೇ ಬಗೆಹರಿಯಬಹುದು. ಕುಂದುಕೊರತೆ ನಿವಾರಣಾಧಿಕಾರಿಯ ಹೆಸರು ಪ್ರತಿ ಕಚೇರಿಯ ಸೂಚನಾ ಫಲಕದಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿಗೂ ಎಟುಕುವ ಎತ್ತರದಲ್ಲಿ, ಕಾಣುವಂತಾಗಲಿ.