ಬಿಲ್ ಕೌಂಟರಿನ ಹಿಂದೆ ನಿಂತವರು

ಊರಿಗೊಂದು ದೊಡ್ಡ ಸೂಪರ್‌ಮಾರ್ಕೆಟ್ ಬರುತ್ತೆ ಅಂದ್ರೆ ಅದಕ್ಕಿಂತ ಮೊದಲು ಎರಡು ಸುದ್ದಿ ಬರುತ್ತೆ. ಬೇಳೆ, ಎಣ್ಣೆ ಅಗ್ಗ ಆಗುತ್ತೆ ಅನ್ನೋದು ಒಂದು. ಸ್ಥಳೀಯರಿಗೆ ಕೆಲಸ ಸಿಗುತ್ತೆ ಅನ್ನೋದು ಇನ್ನೊಂದು. ಮೊದಲನೆಯದನ್ನು ನೀವೇ ಬಿಲ್ ಹಿಡಿದು ತಾಳೆ ಹಾಕಬಹುದು. ನನ್ನ ತಕರಾರು ಎರಡನೆಯದರ ಬಗ್ಗೆ.

ಡಿಮಾರ್ಟ್ ತಗೊಳ್ಳಿ. 2002ರಲ್ಲಿ ರಾಧಾಕಿಶನ್ ದಮಾನಿ ಮುಂಬೈನ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆದರು. 2025ರ ಮಾರ್ಚ್ ಕೊನೆಗೆ ಅಂಗಡಿಗಳ ಸಂಖ್ಯೆ 415. ಆ ಒಂದೇ ವರ್ಷದಲ್ಲಿ ಸೇರಿದ್ದು 50. ನಮ್ಮ ಕರ್ನಾಟಕದಲ್ಲೂ ಇವೆ. ಗುಟ್ಟೇನು? ಆದಷ್ಟೂ ಸ್ವಂತ ಕಟ್ಟಡ, ಹಾಗಾಗಿ ಬಾಡಿಗೆ ಕಾಟ ಕಡಿಮೆ. ಮಾಲು ಕೊಡುವವರಿಗೆ ಬೇಗ ದುಡ್ಡು, ಅದಕ್ಕೇ ಅವರಿಂದ ಕಡಿಮೆ ದರ. ಎಂಜಿನಿಯರಿಂಗ್ ಓದಿದವನಿಗೆ ಈ ಲೆಕ್ಕ ನೋಡಿದ್ರೆ ಖುಷಿಯೇ ಆಗುತ್ತೆ, ಸುಳ್ಳು ಯಾಕೆ ಹೇಳಲಿ.

ಆದ್ರೆ ಅದೇ ಕಂಪನಿಯ ವಾರ್ಷಿಕ ವರದಿ ತೆರೆದರೆ, ಕಾಯಂ ನೌಕರರಿಗಿಂತ ಗುತ್ತಿಗೆಯವರೇ ಹೆಚ್ಚು. ಈ ವ್ಯಾಪಾರದಲ್ಲಿ ಇದು ಮಾಮೂಲು. ಹೊಸ ಅಂಗಡಿ ತೆರೆದ ದಿನ 'ಇಷ್ಟು ಜನರಿಗೆ ಉದ್ಯೋಗ' ಅಂತ ನಾವೇ ಟಿವಿಯಲ್ಲಿ ಪಟ್ಟಿ ಓಡಿಸ್ತೀವಿ. ಕಂಪನಿಯ ನೇಮಕಾತಿ ಪತ್ರ ಎಷ್ಟು ಜನಕ್ಕೆ, ಏಜೆನ್ಸಿ ಮೂಲಕ ಬಂದವರು ಎಷ್ಟು ಜನ ಅಂತ ಕೇಳೋದಿಲ್ಲ. ತಪ್ಪು ನಮ್ಮದೂ ಇದೆ.

2024ರ ಜುಲೈ ನೆನಪಿದ್ಯಾ? ಖಾಸಗಿ ಕಂಪನಿಗಳಲ್ಲಿ ಕನ್ನಡಿಗರಿಗೆ ಮೀಸಲು ಅಂತ ಮಸೂದೆ ಬಂತು. ಆಡಳಿತ ಹುದ್ದೆಯಲ್ಲಿ ಶೇ 50, ಉಳಿದದ್ದರಲ್ಲಿ ಶೇ 70. ಉದ್ಯಮಿಗಳು ಗದ್ದಲ ಎಬ್ಬಿಸಿದ್ರು, ಮಸೂದೆಗೆ ತಡೆ ಬಿತ್ತು. ನಾವು ಸ್ಟುಡಿಯೊದಲ್ಲಿ ಕಿತ್ತಾಡಿದ್ದೆಲ್ಲ ಐಟಿ ಕೆಲಸದ ಬಗ್ಗೆ. ಬಿಲ್ ಹಾಕುವ ಹುಡುಗಿಯ ಮಾತೇ ಬರಲಿಲ್ಲ. ಆಕೆ ಎಷ್ಟೋ ಕಡೆ ಪಕ್ಕದ ಬೀದಿಯವಳೇ. ಆಕೆಗೆ ಬೇಕಾದದ್ದು ಮೀಸಲಾತಿಗಿಂತ ಮೊದಲು ಒಂದು ಕುರ್ಚಿ.

ತಮಾಷೆ ಅಲ್ಲ. ಕೋಯಿಕ್ಕೋಡ್‌ನ ಮಿಠಾಯಿ ತೆರುವು ಅನ್ನೋ ಪೇಟೆಯಲ್ಲಿ ಅಂಗಡಿ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ, ಶೌಚಾಲಯಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ಬದಲಿಸಿತು, 2021ರಲ್ಲಿ ತಮಿಳುನಾಡು.

ಈ ವಾರ ಸಾಮಾನು ತರೋಕೆ ಹೋದಾಗ ಕೌಂಟರಿನ ಆಚೆ ಸ್ವಲ್ಪ ಬಗ್ಗಿ ನೋಡಿ, ಸ್ಟೂಲ್ ಇದ್ಯಾ ಅಂತ. ಇದ್ರೆ, ಕೂರೋಕೆ ಬಿಡ್ತಾರಾ ಅಂತಲೂ ಕೇಳಿ. ಮೇಲ್ವಿಚಾರಕರ ಎದುರಿಗೆ ಮಾತ್ರ ಬೇಡ. ಏನು ಹೇಳಿದ್ರು ಅಂತ ನಮಗೆ ಬರೆದು ಕಳಿಸಿ, ಮುಂದಿನ ಸೋಮವಾರ ಇದೇ ಹೊತ್ತಿಗೆ ಓದ್ತೀನಿ.