ಕಪ್ಪು ಸಮುದ್ರದ ಯುದ್ಧ, ನಮ್ಮ ಬಾಣಲೆಯ ಎಣ್ಣೆ

(ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಇಂದು ಗಿರಣಿ ಕೆಲಸಗಾರರೂ ಪೇಟೆಬೀದಿಯ ಸಣ್ಣ ವರ್ತಕರೂ ಒಂದೇ ಜಮಖಾನೆಯ ಮೇಲೆ ಕುಳಿತಿದ್ದೀರಿ. ನಮಗೆ ಇದು ಸಂತೋಷದ ಮಾತು. ಏಕೆಂದರೆ ಕೆಲವು ಕಾಲದಿಂದ ನಿಮ್ಮಿಬ್ಬರ ನಡುವೆ ಎಣ್ಣೆ ಪಾಕೀಟಿನ ನೆಪದಲ್ಲಿ ಮನಸ್ತಾಪ ಬೆಳೆದಿದೆ. ಕೆಲಸಗಾರರ ಮನೆಯ ತಾಯಂದಿರು, "ಅಂಗಡಿಯವನು ದರ ಏರಿಸಿದ" ಎನ್ನುತ್ತಾರೆ. ಅಂಗಡಿಯವನು, "ನಾನೇನು ಮಾಡಲಮ್ಮ, ಮೇಲಿನಿಂದಲೇ ಹಾಗೆ ಬಂದಿದೆ" ಎನ್ನುತ್ತಾನೆ. ಈ 'ಮೇಲೆ' ಎಂಬುದು ಎಲ್ಲಿದೆ, ಅಲ್ಲಿ ಕುಳಿತವರು ಯಾರು? ಅದನ್ನು ಹುಡುಕುವುದೇ ಈ ಹೊತ್ತಿನ ನಮ್ಮ ಕೆಲಸ.

ಪತ್ರಿಕೆಗಳಲ್ಲಿ ಪ್ರಪಂಚದ ಸುದ್ದಿ ಒಂದು ಪುಟದಲ್ಲಿ, ಪೇಟೆಧಾರಣೆ ಇನ್ನೊಂದು ಪುಟದಲ್ಲಿ ಅಚ್ಚಾಗುತ್ತದೆ. ದೊಡ್ಡವರು ಮೊದಲನೆಯದನ್ನು ಓದಿ ವಾದ ಮಾಡುತ್ತಾರೆ, ಬಡವರು ಎರಡನೆಯದನ್ನು ಓದಿ ನಿಟ್ಟುಸಿರು ಬಿಡುತ್ತಾರೆ. ಎರಡು ಪುಟಗಳನ್ನೂ ಒಟ್ಟಿಗೆ ಹಿಡಿದು ಓದಿ ನೋಡೋಣ.

2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನೊಳಕ್ಕೆ ನುಗ್ಗಿತು. ನೆರೆಯ ಸ್ವತಂತ್ರ ದೇಶದ ಮೇಲೆ ದಂಡೆತ್ತಿ ಹೋಗುವುದು ಅನ್ಯಾಯ. 2003ರಲ್ಲಿ ವಾಷಿಂಗ್‌ಟನ್ನಿನವರು ಇರಾಕಿನ ಮೇಲೆ ಮಾಡಿದಾಗಲೂ ಅದು ಅನ್ಯಾಯವೇ ಆಗಿತ್ತು, ಮಾಸ್ಕೋದವರು ಮಾಡಿದಾಗಲೂ ಅನ್ಯಾಯವೇ. ಸಮಾಜವಾದಿಗಳಾದ ನಮಗೆ ಇದರಲ್ಲಿ ಎರಡು ಅಳತೆ ಇಲ್ಲ. ಅದಿರಲಿ. ಯುದ್ಧ ಶುರುವಾಗುತ್ತಲೇ ಒಡೆಸ್ಸಾ ಮೊದಲಾದ ಕಪ್ಪು ಸಮುದ್ರದ ಬಂದರುಗಳು ಮುಚ್ಚಿಹೋದವು. ಭೂಪಟ ಬಿಚ್ಚಿ ನೋಡಿದರೆ ಆ ಬಂದರು ನಮ್ಮ ಊರಿನಿಂದ ಸಾವಿರಾರು ಮೈಲಿ ದೂರ. ಆದರೆ ಅದಕ್ಕೆ ಮೊದಲು ನಮ್ಮ ದೇಶಕ್ಕೆ ಹೊರಗಿನಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಹತ್ತು ಪಾಲಿನಲ್ಲಿ ಸುಮಾರು ಏಳು ಪಾಲು ಉಕ್ರೇನಿನದು, ಎರಡು ಪಾಲು ರಷ್ಯಾದ್ದು. ಹೊಡೆದಾಡುತ್ತಿದ್ದ ಆ ಇಬ್ಬರೇ ನಮ್ಮ ಬಾಣಲೆಗೆ ಎಣ್ಣೆ ಹೊಯ್ಯುತ್ತಿದ್ದವರು!

ಅದರ ಮೇಲೆ ಇನ್ನೊಂದು ಪೆಟ್ಟು. ತನ್ನ ಜನಕ್ಕೇ ಎಣ್ಣೆ ಸಾಲದೆಂದು ಇಂಡೋನೇಷ್ಯಾ ದೇಶ 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ತಾಳೆಎಣ್ಣೆಯ ರಫ್ತನ್ನೇ ನಿಲ್ಲಿಸಿತು. 2020ರ ಆರಂಭದಲ್ಲಿ ಲೀಟರಿಗೆ ನೂರಹತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಸೂರ್ಯಕಾಂತಿ ಎಣ್ಣೆ ಇನ್ನೂರರ ಬಾಗಿಲು ತಟ್ಟಿತು. ಮಿರ್ಚಿ ಬಜ್ಜಿ ಕರಿಯುವ ಗಾಡಿಯವರು ಬಜ್ಜಿಯ ಗಾತ್ರ ಕಿರಿದು ಮಾಡಿದರು, ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸಿದರು. ಮನೆಗಳಲ್ಲಿ ಒಗ್ಗರಣೆಯ ಸೌಟು ಸಣ್ಣದಾಯಿತು. ಮುಂದೆ 2023ರ ನವೆಂಬರಿನಿಂದ, ಗಾಜಾದ ಯುದ್ಧದ ನಡುವೆ, ಯೆಮನ್ನಿನ ಹೂತಿಗಳು ಕೆಂಪು ಸಮುದ್ರದ ಹಡಗುಗಳ ಮೇಲೆ ಬಾಣ ಬಿಟ್ಟರು. ಸೂಯೆಜ್ ಕಾಲುವೆಯಲ್ಲಿ ಬರಬೇಕಾದ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಬರತೊಡಗಿದವು. ಬಾಡಿಗೆ ಏರಿತು. ಬಾಡಿಗೆಯನ್ನು ಹಡಗಿನ ಧಣಿ ತನ್ನ ಜೇಬಿನಿಂದ ಕೊಡುತ್ತಾನೆಯೇ?

ಇಷ್ಟು ಕೇಳಿ, "ಹಾಗಾದರೆ ಎಲ್ಲ ಗ್ರಹಚಾರ, ಯಾರೇನು ಮಾಡಲಿಕ್ಕಾಗುತ್ತದೆ" ಎಂದು ನೀವು ಎದ್ದುಹೋಗಬಾರದು. ಯುದ್ಧ ನಮ್ಮ ಕೈಯಲ್ಲಿಲ್ಲ ನಿಜ. ನಮ್ಮ ಬಾಣಲೆಯನ್ನು ಒಡೆಸ್ಸಾ ಬಂದರಿಗೆ ಕಟ್ಟಿಹಾಕಿದವರು ಯಾರು ಎಂಬುದು ಬೇರೆ ಪ್ರಶ್ನೆ.

ರಾಯಚೂರು, ಕೊಪ್ಪಳ, ಗದಗ, ಬಳ್ಳಾರಿಯ ಕಪ್ಪುನೆಲ ಸೂರ್ಯಕಾಂತಿಗೆ ಹೇಳಿ ಮಾಡಿಸಿದಂಥದು. ಇಡೀ ದೇಶದಲ್ಲಿ ಈ ಬೆಳೆಗೆ ಮುಂದಾಳು ನಮ್ಮ ಕರ್ನಾಟಕ. ಇನ್ನು ಚಳ್ಳಕೆರೆಯನ್ನು 'ಎಣ್ಣೆಯ ಊರು' ಎಂದೇ ಕರೆಯುತ್ತಿದ್ದರು. ಅಲ್ಲಿನ ಶೇಂಗಾ ಮಿಲ್ಲುಗಳಲ್ಲಿ ದುಡಿದವರ ಮಕ್ಕಳು ಈ ಸಭೆಯಲ್ಲಿಯೂ ಇದ್ದಾರು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳಿಗೆಂದು ಒಂದು ತಾಂತ್ರಿಕ ಆಂದೋಲನ ಹೂಡಿತು. ಒಳ್ಳೆಯ ಬೀಜ, ನಿಂತ ಬೆಲೆ, ಆಮದಿಗೆ ಕಡಿವಾಣ. 1986-87ರಲ್ಲಿ ಸುಮಾರು 113 ಲಕ್ಷ ಟನ್ ಇದ್ದ ಎಣ್ಣೆಕಾಳಿನ ಬೆಳೆ 1994-95ಕ್ಕೆ 213 ಲಕ್ಷ ಟನ್ ಮುಟ್ಟಿತು. ಹೊರಗಿನ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಕಾಂಗ್ರೆಸ್ ಸರ್ಕಾರ ಮಾಡಿದ ಕೆಲಸವೆಂದು ನಾವು ಇದನ್ನು ಮುಚ್ಚಿಡುವುದಿಲ್ಲ. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು.

ಆದರೆ ಕೆಡಿಸಿದವರೂ ಅವರೇ. 1994ರಲ್ಲಿ ತಾಳೆಎಣ್ಣೆಯನ್ನು ಯಾರು ಬೇಕಾದರೂ ತರಬಹುದೆಂದು ಬಾಗಿಲು ತೆರೆದರು. ಸುಂಕ ಮೊದಲು ನೂರಕ್ಕೆ 65 ಇತ್ತು. 1998ರ ಹೊತ್ತಿಗೆ, ಆಗಿನ ವಾಜಪೇಯಿ ಸರ್ಕಾರದ ಕೈಯಲ್ಲಿ, 15ಕ್ಕೆ ಇಳಿಯಿತು. ಟೋಪಿಯ ಬಣ್ಣ ಬೇರೆ, ಧಣಿ ಒಬ್ಬನೇ. "ಜಾಗತಿಕ ವ್ಯಾಪಾರ ಸಂಸ್ಥೆ ಕೈ ಕಟ್ಟಿಹಾಕಿದೆ" ಎಂದು ಇವರು ಹೇಳಿದರೆ ನಂಬಬೇಡಿ. ಸೋಯಾ ಎಣ್ಣೆಗೆ ನೂರಕ್ಕೆ 45ರ ಮಿತಿ ಇದೆ ನಿಜ, ತಾಳೆ ಮತ್ತು ಸೂರ್ಯಕಾಂತಿ ಎಣ್ಣೆಗೆ ನೂರಕ್ಕೆ 300ರವರೆಗೆ ಸುಂಕ ಹಾಕಲು ಆ ಒಪ್ಪಂದವೇ ಅವಕಾಶ ಕೊಟ್ಟಿದೆ.

ಫಲವೇನಾಯಿತು? ಸೂರ್ಯಕಾಂತಿ ಇಡೀ ದೇಶದಲ್ಲಿ 2005-06ರ ಸುಮಾರಿಗೆ 20 ಲಕ್ಷ ಹೆಕ್ಟೇರಿಗೂ ಮೀರಿದ್ದದ್ದು 2020ರ ಹೊತ್ತಿಗೆ ಮೂರು ಲಕ್ಷಕ್ಕಿಂತ ಕೆಳಗಿಳಿಯಿತು. ರೋಗ ಬಿತ್ತು, ಗಿಳಿಗಳ ಕಾಟ ಇತ್ತು, ಬೀಜ ಕೈಕೊಟ್ಟಿತು, ಅದೆಲ್ಲವೂ ಉಂಟು. ಆದರೆ ಬೆಲೆ ಇದ್ದಿದ್ದರೆ ರೈತ ಗಿಳಿಯನ್ನೂ ಕಾಯುತ್ತಿದ್ದ. ಬೆಲೆ ಸಿಗದೆ ಅವನು ಮೆಕ್ಕೆಜೋಳ ಬಿತ್ತಿದ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುವಂತಾಯಿತು. 2021-22ರ ಎಣ್ಣೆ ವರ್ಷದಲ್ಲಿ ಇದಕ್ಕಾಗಿ ಹೊರಗೆ ಹೋದ ಹಣ ಸುಮಾರು 1.57 ಲಕ್ಷ ಕೋಟಿ ರೂಪಾಯಿ.

ಎಣ್ಣೆ ಇಲ್ಲವೆಂದು ದೇಶವೆಲ್ಲ ಬಾಯಿ ಬಡಿದುಕೊಂಡ ಮೇಲೆ ನಡೆದದ್ದನ್ನು ಕೇಳಿ. ಆಮದಿಗೆ ಪೂರ್ತಿ ಸುಂಕ ಬಿಟ್ಟರು. ಸೂರ್ಯಕಾಂತಿ ಎಣ್ಣೆ 20 ಲಕ್ಷ ಟನ್, ಸೋಯಾ ಎಣ್ಣೆ 20 ಲಕ್ಷ ಟನ್, ವರ್ಷಕ್ಕೆ ಇಷ್ಟು ಸುಂಕವಿಲ್ಲದೆ ತರಬಹುದೆಂದರು. ಅತ್ತ ಹರಿಯಾಣದಲ್ಲಿ ಸೂರ್ಯಕಾಂತಿ ಕೊಯ್ಲಿಗೆ ಬಂತು. ಬೆಂಬಲ ಬೆಲೆ ಕ್ವಿಂಟಾಲಿಗೆ 6,400 ರೂಪಾಯಿ. ಮಂಡಿಯಲ್ಲಿ ಕೇಳಿದ್ದು ನಾಲ್ಕು ಸಾವಿರ ಚಿಲ್ಲರೆ. ಸರ್ಕಾರ, "ಮೇಲೆ ಒಂದು ಸಾವಿರ ಕೊಡುತ್ತೇವೆ, ಸುಮ್ಮನಿರಿ" ಎಂದಿತು. 2023ರ ಜೂನ್ 6ರಂದು ಶಹಾಬಾದಿನಲ್ಲಿ ಹೆದ್ದಾರಿ ತಡೆದ ರೈತರ ಮೇಲೆ ಲಾಠಿ ಬಿತ್ತು. ಎಣ್ಣೆ ಬೇಕು, ಎಣ್ಣೆ ಬೆಳೆದವನು ಬೇಡ!

ಕೆಲಸಗಾರ ಬಂಧುಗಳು ಇಲ್ಲಿ ಒಂದು ಮಾತು ಎತ್ತಬಹುದು: "ಸುಂಕ ಬಿಟ್ಟರೆ ನಮಗೆ ಎಣ್ಣೆ ಅಗ್ಗವಾಯಿತಲ್ಲ?" ಈ ಪ್ರಶ್ನೆಯನ್ನು ನಾವು ಹಾರಿಸಿ ಹೋಗುವುದಿಲ್ಲ. ಸುಂಕ ಏರಿಸಿದರೆ ನಿಮ್ಮ ಕೂಲಿಗೆ ಪೆಟ್ಟು, ಇಳಿಸಿದರೆ ರೈತನ ಕುತ್ತಿಗೆಗೆ ಪೆಟ್ಟು. ಸರ್ಕಾರ ಈ ತಕ್ಕಡಿಯನ್ನೇ ಆಡಿಸುತ್ತ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಸೊನ್ನೆಯಿಂದ 20ಕ್ಕೆ ಏರಿಸಿತು, 2025ರ ಮೇ ಕೊನೆಗೆ 10ಕ್ಕೆ ಇಳಿಸಿತು. ಏರಿದ ದಿನವೇ ಪಾಕೀಟಿನ ಬೆಲೆ ಏರುತ್ತದೆ. ಇಳಿದ ಸುದ್ದಿ ಮಾತ್ರ ನಮ್ಮ ಬೀದಿಗೆ ಎತ್ತಿನ ಗಾಡಿಯಲ್ಲಿ ಬರುತ್ತದೆ. ನಡುವಿನ ಆ ದಿನಗಳ ಲಾಭ ಯಾರದು? ಬೀದಿ ಅಂಗಡಿಯವನದಲ್ಲ.

ಇದಕ್ಕೆ ಸಾಕ್ಷಿ ಸರ್ಕಾರದ ಆಜ್ಞೆಯಲ್ಲೇ ಇದೆ. 2022ರ ಫೆಬ್ರವರಿಯಲ್ಲಿ ದಾಸ್ತಾನಿಗೆ ಮಿತಿ ಹಾಕಿದರು: ಚಿಲ್ಲರೆ ಅಂಗಡಿಗೆ 30 ಕ್ವಿಂಟಾಲ್, ಸಗಟು ವರ್ತಕನಿಗೆ 500 ಕ್ವಿಂಟಾಲ್. ಎಣ್ಣೆ ತಯಾರಕನಿಗೆ ಅವನ ಶಕ್ತಿಯ 90 ದಿನದಷ್ಟು! ಹೊರಗಿನಿಂದ ತಂದ ಮಾಲೆಂದು ತೋರಿಸಿದರೆ ಆಮದುದಾರನಿಗೆ ವಿನಾಯಿತಿ. ಸಮುದ್ರದ ದಡದ ಟ್ಯಾಂಕು ತುಂಬಿರಬಹುದು, ಪೇಟೆಬೀದಿಯ ಡಬ್ಬ ಎಣಿಸಬೇಕು.

ಸಣ್ಣ ವರ್ತಕರೂ ಪೂರ್ತಿ ಮುಗ್ಧರೆಂದು ನಾವು ಹೇಳುತ್ತಿಲ್ಲ. ಲೀಟರಿನದೆಂದು ಕೈಗೆತ್ತಿಕೊಂಡ ಪಾಕೀಟಿನ ಮೂಲೆಯಲ್ಲಿ 850 ಗ್ರಾಂ ಎಂದೋ 750 ಗ್ರಾಂ ಎಂದೋ ಇರುವೆಯಷ್ಟು ಅಕ್ಷರದಲ್ಲಿ ಇರುತ್ತದೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗಬೇಕು. ಈ ಕಳ್ಳತನ ಕಂಪನಿಯದು. ಆದರೆ ತಿಳಿದೂ ಹೇಳದೆ ಕೊಡುವ ಬಾಯಿ ನಿಮ್ಮದು. ಹಿಂದೆ ಬಾಟಲಿ ತಂದವರಿಗೆ ಕಣ್ಣೆದುರೇ ಅಳೆದು ಹೊಯ್ಯುತ್ತಿದ್ದಿರಿ. ಆ ನಂಬಿಕೆ ಉಳಿಯಬೇಕು.

ಕಾರ್ಖಾನೆಯಿಂದ ಬರುವ ಜೀವನಾವಶ್ಯಕ ವಸ್ತುಗಳನ್ನು ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟಿಗಿಂತ ಹೆಚ್ಚಿಗೆ ಮಾರಕೂಡದೆಂದು ಡಾಕ್ಟರ್ ಲೋಹಿಯಾ ಹೇಳುತ್ತ ಬಂದರು. ಅವರು ತೀರಿಕೊಂಡದ್ದು 1967ರಲ್ಲಿ. ಯಾವ ಸರ್ಕಾರವೂ ಆ ಲೆಕ್ಕವನ್ನು ಇಂದಿಗೂ ಜನರೆದುರು ಇಟ್ಟಿಲ್ಲ.

ಈಗ ನಮ್ಮ ಕೈಗೆಟಕುವ ಒಂದು ಕೆಲಸ. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಂಪುಟ, ಪಡಿತರದ ಹೆಚ್ಚುವರಿ ಅಕ್ಕಿಗೆ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವುದೆಂದು ಒಪ್ಪಿಕೊಂಡಿತು. ಒಳ್ಳೆಯದು. ನಮ್ಮ ಪ್ರಶ್ನೆ ಇಷ್ಟೆ: ಆ ಕಿಟ್ಟಿನೊಳಗಿನ ಎಣ್ಣೆ ಯಾವ ದೇಶದ್ದು? ಮಲೇಷ್ಯಾದ ತಾಳೆಯದೋ, ಕೊಪ್ಪಳದ ಸೂರ್ಯಕಾಂತಿಯದೋ? ನಮ್ಮ ರೈತರ ಕಾಳನ್ನು ಬೆಂಬಲ ಬೆಲೆಗೆ ಕೊಂಡು, ಮುಚ್ಚಿದ ನಮ್ಮ ಮಿಲ್ಲುಗಳಲ್ಲಿ ಹಿಂಡಿಸಿ, ಪಡಿತರದಲ್ಲಿ ಹಂಚಲಿ. ಸುಂಕದಿಂದ ಬಂದ ಹಣ ಈ ಖರ್ಚಿಗೆ ಹೋಗಲಿ. ಖರೀದಿ ಕೇಂದ್ರ ಮಾತ್ರ ಕೊಯ್ಲಿಗೆ ಮೊದಲೇ ತೆರೆಯಬೇಕು. ಸಣ್ಣ ರೈತನ ಮಾಲೆಲ್ಲ ದಲಾಲಿ ಅಂಗಡಿ ಸೇರಿದ ಮೇಲೆ ಬೀಗ ತೆಗೆದರೆ ಯಾರಿಗೆ ಲಾಭ?

ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿ ಹಿಂದಿನ ಮೇಜಿನ ಮೇಲಿದೆ. ರುಜು ಬಾರದವರು ಹೆಬ್ಬೆಟ್ಟು ಒತ್ತಿರಿ. ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ, ಎಣ್ಣೆಯ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ವರ್ತಕ ಬಂಧುಗಳಲ್ಲಿ ಒಂದು ಬೇಡಿಕೆ: ಕಳೆದ ಮೂರು ತಿಂಗಳ ಖರೀದಿ ಬಿಲ್ಲುಗಳನ್ನು ತಂದು, ನಿಮಗೆ ಬಿದ್ದ ದರವೆಷ್ಟು, ಮಾರಿದ ದರವೆಷ್ಟು ಎಂಬುದನ್ನು ಕೆಲಸಗಾರರ ಎದುರಿಗೇ ಓದಿ ಹೇಳಬೇಕು. ಆ ಬಿಲ್ಲುಗಳ ನಕಲನ್ನೂ ಮನವಿಯ ಜೊತೆಗೆ ಲಗತ್ತಿಸುತ್ತೇವೆ.