ಪರಿಹಾರದ ಪೊಟ್ಟಣ ಸಾಲದು, ಸಿದ್ಧತೆಯ ಲೆಕ್ಕ ಬೇಕು



ನೆರೆ ಬಂದಾಗ ನಮ್ಮ ಯುವಕರು ಮನೆಯಲ್ಲಿ ಕೂರುವುದಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರಲ್ಲಿ ಕೃಷ್ಣಾ, ಮಲಪ್ರಭಾ ತೀರದ ಊರುಗಳು ಮುಳುಗಿದಾಗ, 2024ರ ಜುಲೈಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳು ಮಣ್ಣಿನಡಿ ಸೇರಿದಾಗ ಜಾತಿ ಧರ್ಮ ನೋಡದೆ ಕೆಸರಿಗಿಳಿದವರಲ್ಲಿ ಅವರೂ ಇದ್ದರು. ಇದು ಅಭಿಮಾನದ ವಿಷಯ. ಆದರೆ ಅದಕ್ಕೂ ಮುನ್ನ ಆಗಬೇಕಾಗಿದ್ದ ಕೆಲಸ ಯಾರದು? ಅದರ ಹಣವೆಲ್ಲಿ? ಇದನ್ನು ನಾವು ಕೇಳುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ತಗ್ಗಿನ ಮೊಹಲ್ಲಾಕ್ಕೆ ರಾತ್ರಿ ನೀರು ನುಗ್ಗಿತು. ಕಚೇರಿಯ ದೂರವಾಣಿಯನ್ನು ಎತ್ತುವವರಿರಲಿಲ್ಲ. ಪಾರ್ಶ್ವವಾಯು ಪೀಡಿತ ವೃದ್ಧೆಯೊಬ್ಬರನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಹೊರತಂದೆವು. ಪರಿಹಾರ ಕೇಳಲು ಹೋದ ಬಾಡಿಗೆದಾರರಿಗೆ, ನೀರಿನಲ್ಲಿ ಹೋದ ಕಾಗದಗಳನ್ನೇ ತರಲು ಹೇಳಲಾಯಿತು. ತಪ್ಪು ಕಚೇರಿಯದ್ದು ಮಾತ್ರವೇ? ಹಾಸಿಗೆ ಹಿಡಿದವರ ಪಟ್ಟಿ ಜಮಾಅತಿನಲ್ಲಿಯೂ ಇರಲಿಲ್ಲ. ರಾಜಕಾಲುವೆಯ ಮೇಲೆ ಅಂಗಡಿ ಕಟ್ಟಿದವರಲ್ಲಿ ನಮ್ಮವರೂ ಇದ್ದರು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿರಬೇಕು. ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಸ್ಥಳೀಯ ಸಂಸ್ಥೆಗಳೂ ತಮ್ಮ ಯೋಜನೆ ಸಿದ್ಧಪಡಿಸಬೇಕೆಂದು 32ನೇ ಕಲಮು ಹೇಳುತ್ತದೆ. ಆಶ್ರಯ, ಆಹಾರ, ಕುಡಿಯುವ ನೀರು, ಚಿಕಿತ್ಸೆ, ನೈರ್ಮಲ್ಯಗಳಿಗೆ ಕನಿಷ್ಠ ಮಾನದಂಡವಿರಬೇಕು, ವಿಧವೆಯರು ಮತ್ತು ಅನಾಥರಿಗೆ ವಿಶೇಷ ವ್ಯವಸ್ಥೆ ಬೇಕು ಎಂಬುದು 12ನೇ ಕಲಮಿನ ಆಶಯ. ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದಲ್ಲಿ ತಾರತಮ್ಯ ಸಲ್ಲದೆಂದು 61ನೇ ಕಲಮು ವಿಧಿಸುತ್ತದೆ. ಮಾನದಂಡವಿಲ್ಲದಲ್ಲಿ ಅಧಿಕಾರಿಯ ದಯೆಯೇ ಕಾನೂನಾಗುತ್ತದೆ. ದಯೆಯು ಮುಖ ನೋಡಿ ಹಂಚಿಕೆಯಾಗುತ್ತದೆ. ಆದುದರಿಂದ ಮಾನದಂಡದ ಬೇಡಿಕೆಯು ನ್ಯಾಯದ ಬೇಡಿಕೆಯೂ ಹೌದು.

ಇನ್ನು ಹಣದ ಮಾತು. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಗೆಂದು ಒಟ್ಟು 1,60,153 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತ್ತು. ಕರ್ನಾಟಕದಂತಹ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ನೂರು ರೂಪಾಯಿಯಲ್ಲಿ 40 ತುರ್ತು ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 20 ಅಪಾಯ ತಗ್ಗಿಸುವುದಕ್ಕೆ. ಸಿದ್ಧತೆ ಮತ್ತು ತರಬೇತಿಗೆ ಉಳಿದದ್ದು ಹತ್ತೇ ರೂಪಾಯಿ. ದೋಣಿ, ಹಗ್ಗ, ತರಬೇತಾದ ಸಿಬ್ಬಂದಿ ಎಲ್ಲವೂ ಆ ಹತ್ತರೊಳಗೆ ಬರಬೇಕಿತ್ತು.

2024ರಲ್ಲಿ ಬರ ಪರಿಹಾರಕ್ಕಾಗಿ ಕರ್ನಾಟಕವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 18,171 ಕೋಟಿ ಕೇಳಿದ್ದ ರಾಜ್ಯಕ್ಕೆ ದೊರೆತದ್ದು ಸುಮಾರು 3,454 ಕೋಟಿ. ದೆಹಲಿಯನ್ನು ಪ್ರಶ್ನಿಸುವ ಹಕ್ಕು ಬೆಂಗಳೂರಿಗೆ ಇದ್ದೇ ಇದೆ. ಆದರೆ ತನ್ನ ಜಿಲ್ಲೆ, ಪುರಸಭೆಗಳಿಗೆ ಬೆಂಗಳೂರು ಕೊಡುತ್ತಿರುವುದೇನೆಂದು ಕೇಳುವ ಹಕ್ಕು ನಮಗೂ ಇದೆ. 2025ರ ತಿದ್ದುಪಡಿಯು ರಾಜಧಾನಿ ಮತ್ತು ಮಹಾನಗರ ಪಾಲಿಕೆಗಳಿರುವ ನಗರಗಳಿಗೆ ಪ್ರತ್ಯೇಕ ಪ್ರಾಧಿಕಾರಕ್ಕೆ ಅವಕಾಶ ನೀಡಿತು. ನಗರಸಭೆ, ಪುರಸಭೆಗಳ ಸಣ್ಣ ಪಟ್ಟಣಗಳು ಜಿಲ್ಲಾ ಪ್ರಾಧಿಕಾರವನ್ನೇ ನಂಬಿಕೊಳ್ಳಬೇಕು. ನಮ್ಮಲ್ಲಿ ಬಹುತೇಕರ ವಾಸ ಅಲ್ಲಿಯೇ.

ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ಸ್ಮರಿಸೋಣ. ಬರ ಬಂದ ಬಳಿಕ ಅನ್ನ ಹಂಚುವುದಷ್ಟೇ ಅವರ ಯೋಜನೆಯಾಗಿರಲಿಲ್ಲ. ಸಮೃದ್ಧಿಯ ಏಳು ವರ್ಷಗಳಲ್ಲಿಯೇ ಧಾನ್ಯ ಕೂಡಿಡುವ ವ್ಯವಸ್ಥೆಗೆ ದಾರಿ ತೋರಿದರು, ಭಂಡಾರದ ಹೊಣೆಯನ್ನು ತಾವೇ ಕೇಳಿ ಪಡೆದರು. ಆ ಧಾನ್ಯವು ಇಡೀ ನಾಡಿಗೆ ಸೇರಿತ್ತು. ಸಾರ್ವಜನಿಕ ಭಂಡಾರವು ಅಮಾನತ್ತು. ಅದರ ಲೆಕ್ಕ ಕೇಳುವುದು ನಮ್ಮ ಕರ್ತವ್ಯ.

ಆದುದರಿಂದ ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿ ಜಮಾಅತ್ ಸಮಿತಿಯೂ ಮೂರು ಕೆಲಸ ಮಾಡಲಿ. ಪುರಸಭೆಯ ವಿಪತ್ತು ಯೋಜನೆ ಎಲ್ಲಿದೆ, ಅದಕ್ಕೆ ಎಷ್ಟು ಹಣ ಬಂದಿದೆ ಎಂದು ಮಾಹಿತಿ ಹಕ್ಕಿನಡಿ ಲಿಖಿತವಾಗಿ ಕೇಳಲಿ. ವೃದ್ಧರು, ಗರ್ಭಿಣಿಯರು, ಅಂಗವಿಕಲರ ಪಟ್ಟಿಯನ್ನು ಧರ್ಮಭೇದವಿಲ್ಲದೆ ತಯಾರಿಸಲಿ. ಕಾಲುವೆಯ ಮೇಲಿನ ನಮ್ಮ ಕಟ್ಟಡಗಳನ್ನು ನಾವೇ ತೆರವುಗೊಳಿಸಲಿ. ಮೂರನೆಯದನ್ನು ಮಾಡದೆ ಮೊದಲನೆಯದನ್ನು ಕೇಳುವ ನೈತಿಕ ಬಲ ನಮಗಿರದು.

ಅಲ್ಲಾಹನು ನಮಗೆ ಸದ್ಬುದ್ಧಿಯನ್ನು ಅನುಗ್ರಹಿಸಲಿ. ಆಮೀನ್.